ಎಕೋ ವರದಿಯ ಒಂದು ಸಾಲು, ನಿಂತುಹೋದ ವಾಕಿಂಗ್

ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಭಯದ ಬಗ್ಗೆ ಮಾತಾಡಲೆಂದು ಹೃದ್ರೋಗ ತಜ್ಞರೇ ಅವರನ್ನು ನನ್ನ ಬಳಿ ಕಳಿಸಿದ್ದರು. ಹೆಲ್ತ್ ಚೆಕಪ್‌ನಲ್ಲಿ ಮಾಡಿಸಿದ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್‌ನ ವರದಿ ಕೈಯಲ್ಲಿತ್ತು. ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ (ಹೃದಯ ಸಡಿಲಗೊಳ್ಳುವುದರಲ್ಲಿ ಮೊದಲ ಹಂತದ ಏರುಪೇರು) ಎಂಬ ಸಾಲಿನ ಕೆಳಗೆ ಅವರೇ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು. ಅದರ ಮೇಲೆಯೇ ಇದ್ದ ‘ಇಜೆಕ್ಷನ್ ಫ್ರ್ಯಾಕ್ಷನ್ 62%’, ಅಂದರೆ ಹೃದಯ ರಕ್ತವನ್ನು ಹೊರದೂಡುವ ಶಕ್ತಿ ಸರಿಯಾಗಿಯೇ ಇದೆ ಎಂಬ ಸಾಲು, ಅವರ ಕಣ್ಣಿಗೇ ಬಿದ್ದಿರಲಿಲ್ಲ.

“ಹಾರ್ಟ್ ಫೇಲ್ ಆಗೋಕೆ ಶುರುವಾಗಿದೆ ಅಲ್ವಾ ಮೇಡಂ? ನನ್ನಿಂದ ಮುಚ್ಚಿಡಬೇಡಿ.”

ವಾಕಿಂಗ್ ಬಿಟ್ಟಿದ್ದರು. ಸೊಸೆ ತುಂಬಿದ ಕೊಡ ಮುಟ್ಟಲೂ ಬಿಡುತ್ತಿರಲಿಲ್ಲ. ರಾತ್ರಿ ಮೂರು ದಿಂಬಿಗೆ ಒರಗಿ ಕೂತೇ ಇರುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ಕೇಳಿದೆ. “ಕಟ್ಟಲ್ಲ, ಕಟ್ಟಿಬಿಟ್ಟರೆ ಅಂತ ಭಯ” ಎಂದರು. ತಜ್ಞರೂ ಇದನ್ನೇ ವಿಚಾರಿಸಿ, ಪರೀಕ್ಷಿಸಿ ಖಚಿತಪಡಿಸಿಕೊಂಡಿದ್ದರು.

ಇಂಥವರಿಗೆ “ಏನೂ ಇಲ್ಲ, ಧೈರ್ಯವಾಗಿರಿ” ಎಂದು ಹೇಳಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಹೆಚ್ಚುತ್ತದೆ, ಅಷ್ಟೇ. ತಜ್ಞರನ್ನು ಕರೆದು ವರದಿಯನ್ನೇ ಮುಂದಿಟ್ಟುಕೊಂಡು ಓದಿದೆವು.

ಹೃದಯ ಹಿಂಡಿದ ಮೇಲೆ ಸಡಿಲಗೊಂಡು ಮತ್ತೆ ತುಂಬಿಕೊಳ್ಳಬೇಕು. ಆಗ ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಮೂಲಕ ರಕ್ತ ಒಳಬರುವ ವೇಗವನ್ನು ಎಕೋದ ಡಾಪ್ಲರ್ ವಿಧಾನ ಅಳೆಯುತ್ತದೆ. ಸಡಿಲಗೊಂಡ ಕೋಣೆಗೆ ತಾನಾಗಿ ನುಗ್ಗುವ ರಕ್ತ ‘ಇ’ ಅಲೆ; ಕೊನೆಯಲ್ಲಿ ಮೇಲಿನ ಕೋಣೆ ಹಿಂಡಿ ತಳ್ಳುವುದು ‘ಎ’ ಅಲೆ. ಪ್ರಾಯದಲ್ಲಿ ‘ಇ’ ಎತ್ತರ. ವಯಸ್ಸಾದಂತೆ, ಬಿಪಿ ಹಳೆಯದಾದಂತೆ ಸ್ನಾಯು ಸಡಿಲಗೊಳ್ಳುವುದು ನಿಧಾನವಾಗಿ ‘ಎ’ ಮೇಲೇಳುತ್ತದೆ. ಇವರ ಇ/ಎ ಅನುಪಾತ 0.75. ಗ್ರೇಡ್ 1 ಎಂದದ್ದು ಇದಕ್ಕೆ.

ತುಂಬುವಾಗ ಒಳಗಿನ ಒತ್ತಡ ಏರಿದೆಯೇ ಎಂಬುದು ಇನ್ನೂ ಮುಖ್ಯ. ಅದಕ್ಕೆ ಬೇರೆ ಅಳತೆಗಳಿವೆ. ಸ್ನಾಯುವಿನ ಚಲನೆಗೆ ಹೋಲಿಸಿ ನೋಡುವ ಇ/ಇ-ಪ್ರೈಮ್ 14 ದಾಟಬಾರದು, ಇವರದು 9. ಎಡ ಹೃತ್ಕರ್ಣದ, ಅಂದರೆ ಎಡಭಾಗದ ಮೇಲಿನ ಕೋಣೆಯ ಗಾತ್ರ ದೇಹದ ಮೇಲ್ಮೈಯ ಚದರ ಮೀಟರಿಗೆ 34 ಮಿ.ಲೀ. ಮೀರಬಾರದು, ಇವರದು 28. ಬಲಭಾಗದ ಟ್ರೈಕಸ್ಪಿಡ್ ಕವಾಟದ ಸೋರಿಕೆಯ ವೇಗವೂ ಮಿತಿಯಾದ ಸೆಕೆಂಡಿಗೆ 2.8 ಮೀಟರಿನೊಳಗೇ ಇತ್ತು. ಒಳಗಿನ ಒತ್ತಡ ಏರಿಲ್ಲ ಎಂದರ್ಥ. ಒಂದೊಂದು ಅಂಕಿಯ ಮೇಲೂ ಅವರೇ ಬೆರಳಿಟ್ಟು ಓದಿದರು, ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ.

ಆಗ ತಜ್ಞರು ಅಂದಿನ ಬಿಪಿ ತೋರಿಸಿದರು: 158/94. ಮಾತ್ರೆಯ ವಿಷಯ ಎತ್ತಿದೆ. “ನಾರ್ಮಲ್ ಬಂದಿತ್ತಲ್ಲ, ಅದಕ್ಕೇ ಬಿಟ್ಟೆ” ಎಂದರು. ಮಾತ್ರೆಯಿಂದಲೇ ನಾರ್ಮಲ್ ಬಂದದ್ದು ಎಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಕೆಂಪು ಗೆರೆ ಬೀಳಬೇಕಾಗಿದ್ದದ್ದು ಇಲ್ಲಿಗೆ.

ಸಲಹೆ ಹೀಗಿತ್ತು. ಬಿಪಿ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಸೇರಿ ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಒಳಗೆ. ತಜ್ಞರು ಅನುಮತಿಸಿದ್ದರಿಂದ ವಾಕಿಂಗ್ ಮತ್ತೆ ಶುರು, ಮೊದಲು ಹತ್ತು ನಿಮಿಷ. ಸೊಸೆಯನ್ನೂ ಕೂರಿಸಿಕೊಂಡು ಹೇಳಿದೆ: “ಅತ್ತೆ ಮೇಲಿನ ಕಾಳಜಿ ದೊಡ್ಡದಮ್ಮ. ಆದರೆ ಅವರನ್ನ ಕೂರಿಸಿಬಿಡಬೇಡ, ಓಡಾಡಲಿ.” ರಾತ್ರಿಗೆ ವಾರಕ್ಕೊಂದು ದಿಂಬು ಕಡಿಮೆ, ಮಲಗುವ ಮುನ್ನ ನಿಧಾನ ಉಸಿರಾಟ. ನಿಜವಾಗಿಯೂ ಮಲಗಿದಾಗ ಏದುಸಿರು ಬಂದರೆ, ಕಾಲು ಊದಿದರೆ, ನಡೆಯುವಾಗ ಮೊದಲಿಲ್ಲದ ಸುಸ್ತಾದರೆ ಕಾಯದೆ ಬರಬೇಕು. ಎದೆನೋವು ಬಂದರೆ ಆ ಕ್ಷಣವೇ ಆಸ್ಪತ್ರೆ.

ತಿಂಗಳಿಗೊಮ್ಮೆ ಎಕೋ ಮಾಡಿಸಲೇ ಎಂದು ಕೇಳಿದರು. ಬೇಡ, ತಜ್ಞರು ಹೇಳಿದಾಗ ಸಾಕು ಎಂದೆ.

ಮುಂದಿನ ಭೇಟಿಗೆ ಬಿಪಿ 134/82 ಇತ್ತು. ಅರ್ಧ ಗಂಟೆ ನಡೆಯುತ್ತಿದ್ದಾರೆ. ಎರಡು ದಿಂಬು ಇನ್ನೂ ಉಳಿದಿವೆ, ಭೇಟಿಗಳನ್ನು ಮುಂದುವರಿಸಿದ್ದೇವೆ.