50 ಕಿ.ಮೀ. ಸಹಾಯಾರ್ಥ ನಡಿಗೆಗೆ ಹದಿನಾರು ವಾರ: ತೋಟದ ಓಡಾಟ ಯಾಕೆ ಸಾಲದು

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಫೆಬ್ರವರಿ ಮೊದಲ ವಾರ ಮೈಸೂರು ಕಡೆಯ ಬಯಲು ರಸ್ತೆಯಲ್ಲಿ 50 ಕಿ.ಮೀ. ಸಹಾಯಾರ್ಥ ನಡಿಗೆ, 12 ಗಂಟೆಯೊಳಗೆ ಮುಗಿಸಬೇಕು. ನೀವು ಕೊಡಗಿನ ಮೂರ್ನಾಡು ಹತ್ತಿರ ಕಾಫಿ ತೋಟದಲ್ಲಿ, ಜೊತೆಗೆ ಬರುವ ಗೆಳೆಯ ಕುಶಾಲನಗರದಲ್ಲಿ ಅಂಗಡಿಯ ಗಲ್ಲಾದಲ್ಲಿ. ‘ತೋಟದಲ್ಲಿ ದಿನಾ ಎಂಟು ಹತ್ತು ಕಿ.ಮೀ. ಓಡಾಡ್ತೇನೆ, ಅವನಿಗೆ ತರಬೇತಿ ಬೇಕು, ನನಗೂ ಬೇಕಾ?’ ಅಂತ ಕೇಳಿದ್ದೀರಿ.

ಬೇಕು. ತೋಟದ ನಡಿಗೆ ಎದೆಗೆ ದಮ್ಮು ಕೊಡುತ್ತದೆ, ಪಾದಕ್ಕೆ ಏನೂ ಕಲಿಸುವುದಿಲ್ಲ. ದರಗಿನ ಮೆತ್ತನೆ ನೆಲ, ಗಮ್‌ಬೂಟು, ನಾಲ್ಕು ಹೆಜ್ಜೆಗೊಮ್ಮೆ ಗಿಡದ ಮುಂದೆ ನಿಲ್ಲುವುದು, ಏರು ತಗ್ಗಿನಿಂದಾಗಿ ಒಂದು ಹೆಜ್ಜೆ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಡಾಂಬರು ರಸ್ತೆಯ 50 ಕಿ.ಮೀ. ಅಂದರೆ ಸುಮಾರು 65ರಿಂದ 70 ಸಾವಿರ ಹೆಜ್ಜೆ, ಎಲ್ಲವೂ ಒಂದೇ ಅಚ್ಚಿನವು. ಅದೇ ಹಿಮ್ಮಡಿ, ಅದೇ ಬೆರಳ ಬುಡ, ಅದೇ ಜಾಗದಲ್ಲಿ ಉಜ್ಜಾಟ. ಇಂಥ ನಡಿಗೆಯಲ್ಲಿ ಅರ್ಧದಲ್ಲಿ ಬಿಡುವವರಲ್ಲಿ ಉಸಿರು ಸಾಲದೆ ಬಿಡುವವರು ಕಡಿಮೆ. ಬೊಬ್ಬೆ (ಪಾದದ ನೀರುಗುಳ್ಳೆ), ಮಂಡಿಯ ಹೊರಬದಿಯ ನೋವು, ಹೊಟ್ಟೆ ಕೆಡುವುದು, ಇವೇ ಹೆಚ್ಚು. ಹಾಗಾಗಿ ಹದಿನಾರು ವಾರದ ತರಬೇತಿಯನ್ನು ಪಾದ, ಹೊಟ್ಟೆ, ಜೋಡಿಯ ವೇಗ ಈ ಮೂರಕ್ಕೆ ಅಂತಲೇ ಇಟ್ಟುಕೊಳ್ಳಿ.

ಮೊದಲು ವೇಗದ ಲೆಕ್ಕ. ಗಂಟೆಗೆ 5 ಕಿ.ಮೀ., ಅಂದರೆ ಕಿ.ಮೀ.ಗೆ 12 ನಿಮಿಷ ನಡೆದರೆ ನಡಿಗೆಗೇ 10 ಗಂಟೆ. ಹತ್ತು ನಿಮಿಷದ ಆರು ನಿಲುಗಡೆ, ಊಟಕ್ಕೆ 25 ನಿಮಿಷ ತೆಗೆದರೂ ಅರ್ಧ ಗಂಟೆಗೂ ಹೆಚ್ಚು ಕೈಯಲ್ಲಿರುತ್ತದೆ. ಅದೇ 4.5ಕ್ಕೆ ಇಳಿದರೆ ನಡಿಗೆಗೇ 11 ಗಂಟೆ 7 ನಿಮಿಷ ಹೋಗುತ್ತದೆ, ಉಳಿದ ಹೊತ್ತು ಅಷ್ಟು ನಿಲುಗಡೆಗೆ ಸಾಲುವುದಿಲ್ಲ. ಆದ್ದರಿಂದ 12 ನಿಮಿಷದ ಕಿ.ಮೀ. ಕಾಲಿಗೆ ರೂಢಿಯಾಗಬೇಕು, ಗಡಿಯಾರ ನೋಡದೆ ಬರುವಷ್ಟು. ಇದನ್ನು ಮೂರ್ನಾಡಿನ ಏರಿನಲ್ಲಿ ಅಳೆಯಬೇಡಿ. ಸ್ಕಾಟ್ಲೆಂಡಿನ ಬೆಟ್ಟ ಹತ್ತುವವ ನೈಸ್ಮಿತ್ 1892ರಲ್ಲಿ ಕೊಟ್ಟ ಹಳೇ ಲೆಕ್ಕ ಇವತ್ತಿಗೂ ನಡೆಯುತ್ತದೆ: 600 ಮೀಟರ್ ಏರಿಗೆ ಒಂದು ಗಂಟೆ ಹೆಚ್ಚು, ಅಂದರೆ ಪ್ರತಿ 10 ಮೀಟರ್ ಏರಿಗೆ ಒಂದು ನಿಮಿಷ. ಏರಿನಲ್ಲಿ ನಿಧಾನವಾಯಿತು ಅಂತ ಬೇಸರ ಬೇಡ, ಇಳಿಜಾರಿನಲ್ಲಿ ಬೇಗ ಬಂತು ಅಂತ ಹಿಗ್ಗುವುದೂ ಬೇಡ.

ವಾರದ ಲೆಕ್ಕ ಹೀಗಿರಲಿ. ವಾರದ ದಿನಗಳಲ್ಲಿ ಮೂರು ಸಲ, 45 ನಿಮಿಷದಿಂದ ಒಂದು ಗಂಟೆ, ಇಬ್ಬರೂ ಅವರವರ ಊರಿನಲ್ಲಿ. ಅದರಲ್ಲಿ ಒಂದು ದಿನ ಮಾತಾಡಲು ತುಸು ಕಷ್ಟವಾಗುವಷ್ಟು ಬಿರುಸು. ಭಾನುವಾರ ಇಬ್ಬರೂ ಸೇರಿ ದೂರದ ನಡಿಗೆ: ಮೊದಲ ಮೂರು ವಾರ 10, 12, 15 ಕಿ.ಮೀ., ನಾಲ್ಕನೇ ವಾರ ಮತ್ತೆ 10ಕ್ಕೆ ಇಳಿಸಿ. ಆಮೇಲೆ 17, 20, 22, ಎಂಟನೇ ವಾರ 14. ಮುಂದೆ 25, 28, 30, ಹನ್ನೆರಡನೇ ವಾರ 18. ಹದಿಮೂರನೇ ವಾರ ದೊಡ್ಡದು, 35ರಿಂದ 38. ಅಲ್ಲಿಂದ ಇಳಿಮುಖ: 22, 15, ಕೊನೆಯ ವಾರ ಎರಡು ದಿನ ಬರೀ ಐದೈದು. 50ನ್ನು ತರಬೇತಿಯಲ್ಲಿ ಒಮ್ಮೆ ನಡೆದು ನೋಡುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಅದರಿಂದ ಸಿಗುವ ಲಾಭಕ್ಕಿಂತ ಚೇತರಿಸಿಕೊಳ್ಳಲು ಹೋಗುವ ವಾರಗಳು ಹೆಚ್ಚು. ಬದಲಿಗೆ ಹತ್ತು, ಹನ್ನೊಂದನೇ ವಾರ ಶನಿವಾರವೂ 12ರಿಂದ 15 ಕಿ.ಮೀ. ನಡೆಯಿರಿ. ದಣಿದ ಕಾಲಲ್ಲಿ ಭಾನುವಾರ ಶುರುಮಾಡಿದರೆ ಕೊನೆಯ 15 ಕಿ.ಮೀ. ಹೇಗಿರುತ್ತದೆ ಅನ್ನುವುದು ಗೊತ್ತಾಗುತ್ತದೆ.

ಇಳಿಕೆಯ ವಾರ ಕ್ಯಾಲೆಂಡರಿನಲ್ಲಿ ಎಲ್ಲಿ ಬರಬೇಕು ಅನ್ನುವುದನ್ನು ನಮ್ಮ ಊರೇ ಹೇಳುತ್ತದೆ. ಈಗಷ್ಟೇ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಮುಗಿದಿದೆ, ಅಲ್ಲಿಂದ ಹದಿನಾರು ವಾರಕ್ಕೆ ಸರಿಯಾಗಿ ಫೆಬ್ರವರಿ. ನಡುವೆ ನಮ್ಮ ಸುಗ್ಗಿ ಹಬ್ಬ ಹುತ್ತರಿ ಇದೆ. ಹುತ್ತರಿಯ ವಾರ ಹೇಗೂ ನಡಿಗೆ ಆಗುವುದಿಲ್ಲ, ಅದನ್ನೇ ಎಂಟನೇ ವಾರದ ಇಳಿಕೆ ಅಂತ ಒಂದೆರಡು ವಾರ ಹಿಂದೆ ಮುಂದೆ ಮಾಡಿಕೊಳ್ಳಿ. ಅರೇಬಿಕಾ ಇದ್ದರೆ ಡಿಸೆಂಬರ್ ಕುಯ್ಲಿನಲ್ಲಿ, ರೋಬಸ್ಟಾ ಇದ್ದರೆ ಜನವರಿಯಲ್ಲಿ ನಿಮ್ಮ ಸಂಜೆಗಳು ಕಣದಲ್ಲೇ ಕಳೆಯುತ್ತವೆ. ಆಗ ವಾರದ ಮೂರು ನಡಿಗೆಯನ್ನು ಎರಡಕ್ಕೆ ಇಳಿಸಿ, ಭಾನುವಾರದ್ದನ್ನು ಮಾತ್ರ ಬಿಡಬೇಡಿ. ತಪ್ಪಿದ ವಾರವನ್ನು ಮುಂದಿನ ವಾರಕ್ಕೆ ಸೇರಿಸಿ ನಡೆಯುವುದು ಬೇಡ, ಪೆಟ್ಟಾಗುವುದು ಅಲ್ಲೇ.

ದಾರಿ. ಒಂದು ಭಾನುವಾರ ನಿಮ್ಮ ಕಡೆಯ ಏರುತಗ್ಗು, ಮುಂದಿನದು ಗೆಳೆಯನ ಕಡೆ. ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ಕಡೆಯ ರಸ್ತೆ ಹೆಚ್ಚುಕಡಿಮೆ ಸಮತಟ್ಟು, ನಿಜವಾದ ನಡಿಗೆಯ ದಾರಿಗೆ ಅದೇ ಹತ್ತಿರ. 25 ಕಿ.ಮೀ. ಮೇಲಿನ ನಡಿಗೆಗಳಲ್ಲಿ ಹೆಚ್ಚಿನವು ಅಲ್ಲೇ ಆಗಲಿ. ಏರಿಗೆ ಭಾಗಮಂಡಲದಿಂದ ತಲಕಾವೇರಿ ಚೆನ್ನ, ಹೋಗಲು ಸುಮಾರು 8, ಬರಲು 8. ತುಲಾ ಮಾಸದ ಜನಸಂದಣಿ ಇಳಿದ ಮೇಲೆ, ನವೆಂಬರ್ ಕೊನೆಗೆ ಹೋಗಿ. ಮಡಿಕೇರಿ–ಕುಶಾಲನಗರ ಹೆದ್ದಾರಿಯನ್ನು ಬಿಟ್ಟುಬಿಡಿ, ಆ ವಾಹನಗಳ ನಡುವೆ ನಡೆದು ಕಲಿಯುವಂಥದ್ದು ಏನೂ ಇಲ್ಲ. ಒಳರಸ್ತೆಗಳಲ್ಲಿ ಭಾನುವಾರ ಬಸ್ಸು ಕಡಿಮೆ. ಹಾಗಾಗಿ ಬೆಳಗಿನ ಬಸ್ಸಿನಲ್ಲಿ ಹೋಗಿ ಇಳಿದು ಮನೆ ಕಡೆಗೆ ನಡೆಯಿರಿ, ಮನೆಯಿಂದ ಹೊರಟು ವಾಪಸ್ ಬಸ್ಸಿಗೆ ಕಾಯುವ ಲೆಕ್ಕ ಇಟ್ಟುಕೊಳ್ಳಬೇಡಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಹೋಗುವುದಾದರೆ ಪೂರ್ತಿ ಬೆಳಕಾದ ಮೇಲೆ ಹೊರಟು ಸಂಜೆ ಐದರೊಳಗೆ ಮುಗಿಸಿ. ಕಾಡಾನೆ ತೋಟದಿಂದ ತೋಟಕ್ಕೆ ದಾಟುವುದು ಆ ಮಬ್ಬಿನಲ್ಲೇ. ಕಿವಿಗೆ ಇಯರ್‌ಫೋನು ಬೇಡವೇ ಬೇಡ.

ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಬದಿ, ಎದುರಿಗೆ ಬರುವ ವಾಹನ ಕಾಣುವ ಹಾಗೆ, ಒಬ್ಬರ ಹಿಂದೆ ಒಬ್ಬರು. ಬಲಕ್ಕೆ ತಿರುಗುವ, ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಮುಚ್ಚಿದ ಕುರುಡು ತಿರುವಿನಲ್ಲಿ ಮಾತ್ರ ಮೊದಲೇ ಎಡಕ್ಕೆ ದಾಟಿ, ತಿರುವು ಮುಗಿದ ಮೇಲೆ ಮರಳಿ. ಬೆಳಗಿನ ಮಂಜಿಗೆ ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿಕೊಳ್ಳಿ. ಇನ್ನೊಂದು ಸೂಕ್ಷ್ಮ: ರಸ್ತೆಯ ಅಂಚು ನೀರು ಹರಿಯಲೆಂದು ಓರೆಯಾಗಿರುತ್ತದೆ. ಗಂಟೆಗಟ್ಟಲೆ ಒಂದೇ ಬದಿ ನಡೆದರೆ ಒಂದು ಕಾಲು ಸದಾ ತಗ್ಗಿನಲ್ಲಿ, ಮಂಡಿಯ ಹೊರಬದಿ ನೋವು ಅಲ್ಲಿಂದಲೇ ಶುರು. ವಾಹನ ಇಲ್ಲದ ಕಡೆ ಮೇಲೆ, ಸಮ ಇರುವ ಜಾಗಕ್ಕೆ ಬನ್ನಿ.

ಇನ್ನು ಪಾದ. ಇಲ್ಲಿ ಸ್ವಲ್ಪ ನಿಲ್ಲಬೇಕು, ಉಳಿದದ್ದೆಲ್ಲ ಸರಿಯಿದ್ದು ಇದೊಂದು ತಪ್ಪಿದರೂ ಮುಗಿಯಿತು.

ಶೂ ಸಂಜೆ ಹೊತ್ತು ಕೊಳ್ಳಿ, ದಿನವಿಡೀ ನಡೆದ ಪಾದ ಊದಿರುತ್ತದೆ. ನಡಿಗೆಯ ಸಾಕ್ಸ್ ಹಾಕಿಯೇ ನೋಡಿ, ಉದ್ದನೆ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಇರಬೇಕು. ಸಾಮಾನ್ಯವಾಗಿ ನಿಮ್ಮ ಅಳತೆಗಿಂತ ಅರ್ಧ ಅಥವಾ ಒಂದು ನಂಬರು ದೊಡ್ಡದು. ಓಟದ ಶೂ ಸಾಕು, ಭಾರದ ಟ್ರೆಕಿಂಗ್ ಬೂಟು ಡಾಂಬರಿಗೆ ದಂಡ. ಡಿಸೆಂಬರ್ ಮಧ್ಯಕ್ಕೆ ತಂದರೆ ನಡಿಗೆಯ ಹೊತ್ತಿಗೆ ನೂರು ಕಿ.ಮೀ. ದಾಟಿ ಪಳಗಿರುತ್ತದೆ, ಅಟ್ಟೆಯೂ ಸವೆದಿರುವುದಿಲ್ಲ. ಮೇಲಿನ ಕೊನೆಯ ತೂತು ಯಾಕಿದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ: ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗಿಂದ ಎಳೆದು ಬಿಗಿದರೆ ಹಿಮ್ಮಡಿ ಜಾರುವುದಿಲ್ಲ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುವುದು ತಪ್ಪುತ್ತದೆ. ಉಗುರನ್ನು ನಡಿಗೆಗೆ ಮೂರು ನಾಲ್ಕು ದಿನ ಮೊದಲು ನೇರವಾಗಿ ಕತ್ತರಿಸಿ. ಹಿಂದಿನ ರಾತ್ರಿ ಬೇಡ.

ಬೊಬ್ಬೆ ಬರುವುದು ಮೇಲಿನ ಚರ್ಮ ಒಂದು ಕಡೆ, ಒಳಗಿನ ಮೂಳೆ ಇನ್ನೊಂದು ಕಡೆ ಎಳೆದಾಗ. ಒದ್ದೆ ಚರ್ಮ ಇದಕ್ಕೆ ಬೇಗ ಸೋಲುತ್ತದೆ. ಹತ್ತಿಯ ಸಾಕ್ಸ್ ಬೆವರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇಡ, ಸಿಂಥೆಟಿಕ್ ಅಥವಾ ತೆಳು ಉಣ್ಣೆ ಆಗಲಿ. 20 ಮತ್ತು 35ನೇ ಕಿ.ಮೀ.ನಲ್ಲಿ ಬದಲಿಸಲು ಎರಡು ಜೊತೆ ಚೀಲದಲ್ಲಿರಲಿ. ಪಾದದಲ್ಲಿ ಒಂದು ಕಡೆ ಬಿಸಿ ಅನ್ನಿಸಿದ ಕೂಡಲೇ ನಿಲ್ಲಿ. ಅದೇ ಕಿ.ಮೀ.ನಲ್ಲಿ ನಿಲ್ಲಿ, ‘ಮುಂದಿನ ನಿಲುಗಡೆಯಲ್ಲಿ ನೋಡೋಣ’ ಅಂದವರೇ ಕುಂಟುವವರು. ಒರೆಸಿ, ಒಣಗಿಸಿ, ಜಿಂಕ್ ಆಕ್ಸೈಡ್ ಟೇಪನ್ನು ಸುಕ್ಕಿಲ್ಲದೆ, ಮೂಲೆ ದುಂಡಗೆ ಕತ್ತರಿಸಿ ಅಂಟಿಸಿ. ಚೌಕ ಮೂಲೆ ಸಾಕ್ಸಿಗೆ ಸಿಕ್ಕಿ ಸುರುಳಿಯಾಗುತ್ತದೆ. ಸಣ್ಣ ಬೊಬ್ಬೆಯನ್ನು ಮುಟ್ಟಬೇಡಿ. ದೊಡ್ಡದಾಗಿ ನಡೆಯಲು ಬಿಡದಿದ್ದರೆ ಸೋಪಿನಲ್ಲಿ ತೊಳೆದು, ಸ್ಟೆರೈಲ್ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮ ಕೀಳಬಾರದು, ಅದೇ ಬ್ಯಾಂಡೇಜು. ಇಬ್ಬರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಈ ಸೂಜಿ ಕೆಲಸ ಡಾಕ್ಟರದ್ದು, ನಿಮ್ಮದಲ್ಲ. ತೊಡೆ, ಕಂಕುಳಿಗೆ ವ್ಯಾಸಲೀನ್. ಕೊಬ್ಬರಿ ಎಣ್ಣೆ ಬೆವರಿನಲ್ಲಿ ಬೇಗ ಹೋಗಿಬಿಡುತ್ತದೆ.

ನವೆಂಬರ್ ತನಕ ಮಳೆಯಾದ ಮರುದಿನ ತೋಟದ ಒಳದಾರಿಯಲ್ಲಿ ಜಿಗಣೆ ಇರುತ್ತದೆ, ಡಾಂಬರಿನಲ್ಲೇ ಇರಿ. ಕಚ್ಚಿದರೆ ಉಗುರಿನಿಂದ ಬಾಯಿಯ ಬದಿಯಲ್ಲಿ ತಳ್ಳಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸವನ್ನು ಅದು ಬಿಟ್ಟಿರುತ್ತದೆ, ಅದಕ್ಕೇ ಅಷ್ಟು ಸೋರುವುದು. ತೊಳೆದು ಒತ್ತಿ ಹಿಡಿಯಿರಿ. ನೆನೆದ ಶೂವನ್ನು ಒಲೆಯ ಮುಂದೆ ಇಡದೆ ಹಳೇ ಪೇಪರ್ ತುರುಕಿ ಒಣಗಿಸಿ, ಬಿಸಿಗೆ ಅಂಟು ಬಿಡುತ್ತದೆ.

ಕಾಲಿನ ಬಲಕ್ಕೆ ವಾರಕ್ಕೆರಡು ಸಲ ಮೆಟ್ಟಿಲು ಸಾಕು. ಮೆಟ್ಟಿಲ ಅಂಚಿನಲ್ಲಿ ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಮೂರು ಎಣಿಸುತ್ತಾ ಕೆಳಗಿಳಿಸುವುದು, ಕಾಲಿಗೆ ಹತ್ತರಂತೆ ಮೂರು ಸುತ್ತು. ಹಿಮ್ಮಡಿ ಎತ್ತುವುದು 15ರಂತೆ ಮೂರು ಸುತ್ತು. ಅಂಗಡಿಯ ಗೆಳೆಯ ಇದನ್ನು ತಪ್ಪಿಸಬಾರದು. ಇಳಿಜಾರು ನಡೆದ ಎರಡನೇ ದಿನ ಅವರ ತೊಡೆ ಹಿಡಿದುಕೊಂಡರೆ ಹೆದರಬೇಡಿ, ಒಮ್ಮೆ ಆದ ಮೇಲೆ ಮುಂದಿನ ಸಲ ಅಷ್ಟು ಬರುವುದಿಲ್ಲ.

ನೀರು, ಊಟ. ಬಾಯಾರಿದಷ್ಟು ಕುಡಿಯಿರಿ, ಗಂಟೆಗೆ ಸುಮಾರು 400ರಿಂದ 600 ಮಿ.ಲೀ. ಲೆಕ್ಕವಿರಲಿ. ನಿಮ್ಮ ಅಳತೆ ತಿಳಿಯಲು ದೂರದ ನಡಿಗೆಯ ಮುಂಚೆ ಮತ್ತು ನಂತರ ತೂಗಿ ನೋಡಿ: ಒಂದು ಕೆ.ಜಿ. ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಕೊರತೆ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ, ಅದೇ ಹೆಚ್ಚು ಅಪಾಯ. ಬರೀ ನೀರು ಸುರಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಜನ ಅದನ್ನು ನಿರ್ಜಲೀಕರಣ ಅಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ. ಹಾಗಾದರೆ ನೀರು ನಿಲ್ಲಿಸಿ ವೈದ್ಯರ ಬಳಿ ಹೋಗಿ. ಓಆರ್‌ಎಸ್ ಪೊಟ್ಟಣ 200 ಮಿ.ಲೀ.ಗೂ ಬರುತ್ತದೆ, ಒಂದು ಲೀಟರಿಗೂ ಬರುತ್ತದೆ, ಓದಿ ಕಲಸಿ.

ತಿನ್ನಲು ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಮೊದಲ ಗಂಟೆಯಿಂದಲೇ. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು, ಉಳಿದದ್ದಕ್ಕೆ ಕಡಲೆಮಿಠಾಯಿ, ಖರ್ಜೂರ. ಬೆಳಗ್ಗೆ ಹೊರಡುವ ಎರಡು ಗಂಟೆ ಮುಂಚೆ ನೂಪುಟ್ಟು (ಅಕ್ಕಿ ಶಾವಿಗೆ) ಅಥವಾ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಜೇನಿನ ಜೊತೆ. ಹಿಂದಿನ ರಾತ್ರಿ ಕಡಂಬುಟ್ಟು (ಅಕ್ಕಿ ಕಡುಬು) ಇರಲಿ, ಪಂದಿ ಕರಿ (ಹಂದಿ ಸಾರು) ಬೇಡ. ಕೊಬ್ಬು ಹೊಟ್ಟೆಯಲ್ಲೇ ಕೂತಿರುತ್ತದೆ, ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ನಡಿಗೆಯ ನಡುವೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ನುಂಗಬೇಡಿ, ನೀರು ಕಡಿಮೆಯಾದ ಹೊತ್ತಿನಲ್ಲಿ ಕಿಡ್ನಿಗೆ ಪೆಟ್ಟು. ಮಡಿಕೇರಿ ಹವೆಯಲ್ಲೇ ಪಳಗಿದ ಮೈಗೆ ಬಯಲಿನ ಮಧ್ಯಾಹ್ನ ಬೇರೆಯೇ. ಜನವರಿಯ ಕೊನೆಯ ಎರಡು ವಾರ ಕೆಲವು ಸಣ್ಣ ನಡಿಗೆಗಳನ್ನು ಕುಶಾಲನಗರ ಕಡೆ ಹನ್ನೊಂದರಿಂದ ಒಂದರ ಬಿಸಿಲಿಗೆ ಇಟ್ಟುಕೊಳ್ಳಿ.

ಜೋಡಿಯ ವಿಷಯ. ನಿಧಾನದವರು ಮುಂದೆ, ಬಿರುಸಿನವರು ಹಿಂದೆ. ತಿರುಗುಮುರುಗಾದರೆ ಹಿಂದಿನವರು ಗೊತ್ತಾಗದ ಹಾಗೆ ಎಳೆದುಕೊಂಡು ಹೋಗಿ 30ರಲ್ಲಿ ಕೂರುತ್ತಾರೆ. ಹೆಜ್ಜೆ ಸೇರಿಸಲು ಹೋಗಬೇಡಿ, ಕುಳ್ಳಗಿರುವವರು ಉದ್ದ ಹೆಜ್ಜೆ ಹಾಕಿದರೆ ಮೀನಖಂಡ ಹಿಡಿಯುತ್ತದೆ. ವೇಗ ಒಂದಾಗಲಿ, ಹೆಜ್ಜೆ ಅವರವರದು. ಒಬ್ಬರು ನಿಲ್ಲಬೇಕಾಗಿ ಬಂದರೆ ಇನ್ನೊಬ್ಬರು ಮುಂದುವರಿಯಬೇಕೋ ಬೇಡವೋ ಅನ್ನುವುದನ್ನು ಈಗಲೇ ಮಾತಾಡಿ. 40ನೇ ಕಿ.ಮೀ.ನಲ್ಲಿ ಇಬ್ಬರಿಗೂ ನೆಟ್ಟಗೆ ಯೋಚಿಸಲು ಬರುವುದಿಲ್ಲ, ಸೌಜನ್ಯಕ್ಕೆ ಕುಂಟಿಕೊಂಡು ಬರುವುದೇ ಆಗುತ್ತದೆ. ಊಟದ ಚೀಲ, ಟೇಪು, ದುಡ್ಡು ಇಬ್ಬರ ಹತ್ತಿರವೂ ಬೇರೆ ಬೇರೆ ಇರಲಿ.

ಹಣ ಸಂಗ್ರಹದ ಬಗ್ಗೆ ಒಂದೇ ಮಾತು: ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ, ನೇರ ಸಂಸ್ಥೆಯ ಖಾತೆಗೇ ಹೋಗಲಿ, ರಸೀದಿ ಅವರೇ ಕೊಡಲಿ. ‘ಕಿ.ಮೀ.ಗೆ ಇಷ್ಟು’ ಅನ್ನುವ ವಾಗ್ದಾನಕ್ಕಿಂತ ನಡಿಗೆಗೆ ಮುಂಚೆಯೇ ಒಟ್ಟು ಮೊತ್ತ ಕೇಳುವುದು ಒಳ್ಳೆಯದು. ಆಮೇಲೆ ವಸೂಲಿ ಮಾಡುವುದು 50 ಕಿ.ಮೀ.ಗಿಂತ ಕಷ್ಟ.

ಮುಗಿಸಿದ ರಾತ್ರಿ ಇಬ್ಬರಲ್ಲಿ ಯಾರೂ ಗಾಡಿ ಓಡಿಸಿಕೊಂಡು ಕೊಡಗಿಗೆ ಬರಬೇಡಿ. ಕ್ಲಚ್ಚಿನ ಮೇಲಿಟ್ಟ ಕಾಲು ಹಿಡಿದುಕೊಳ್ಳುತ್ತದೆ, ಕಣ್ಣೂ ಎಳೆಯುತ್ತದೆ. ಮೂರನೆಯವರೊಬ್ಬರನ್ನು ಈಗಲೇ ಒಪ್ಪಿಸಿಡಿ, ಗಾಡಿಯಲ್ಲಿ ಎರಡು ಜೊತೆ ಅಗಲದ ಚಪ್ಪಲಿ ಇಡಲು ಹೇಳಿ. ಒಮ್ಮೆ ಬಿಚ್ಚಿದ ಶೂ ಅವತ್ತು ಮತ್ತೆ ಕಾಲಿಗೆ ಏರುವುದಿಲ್ಲ.