ಆಸ್ಪತ್ರೆ ಬಿಲ್ ವಿಷಯದಲ್ಲಿ ರಮೇಶ್ ಕುಮಾರ್ ಆಡಿದ್ದೆಷ್ಟು, ಮಾಡಿದ್ದೆಷ್ಟು?

ಆಡಿದಷ್ಟು ಮಾಡಲಾಗಲಿಲ್ಲ, ಹಾಗಂತ ಸುಮ್ನೆ ಕೂರಲೂ ಇಲ್ಲ. ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್ 2016ರಲ್ಲಿ ಆರೋಗ್ಯ ಸಚಿವರಾದರು. ಮರುವರ್ಷ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟರು. ಚಿಕಿತ್ಸೆಗೆ ಸರ್ಕಾರವೇ ದರ ಗೊತ್ತುಮಾಡುತ್ತದೆ, ತಪ್ಪಿದರೆ ವೈದ್ಯರಿಗೆ ಜೈಲು ಎಂದು ಮೊದಲ ಮಸೂದೆಯಲ್ಲಿತ್ತು. 2017ರ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಬೆಂಗಳೂರಲ್ಲೂ ಓಪಿಡಿ ಬಂದ್. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಪಾಸಾಗಿದ್ದು ಹಲ್ಲು ಕಿತ್ತ ಹಾವು: ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ. ಕೈಯಿಂದ ದುಡ್ಡು ಕಟ್ಟುವ ನಮ್ಮಂಥವರ ಬಿಲ್ ಇದರಿಂದ ಇಳಿಯಲಿಲ್ಲ, ಅಲ್ವಾ? ಆದರೂ ಒಂದು ಅಂಶ ಉಳಿಯಿತು, ನನಗೆ ಅದೇ ದೊಡ್ಡದು: ಬಾಕಿ ಇದೆ ಅಂತ ಆಸ್ಪತ್ರೆಯವರು ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ಕೌಂಟರ್‌ನಲ್ಲಿ ಯಾರಾದರೂ 'ಮೊದಲು ಕಟ್ಟಿ, ಆಮೇಲೆ ಬಾಡಿ' ಅಂದರೆ ಈ ಕಾಯ್ದೆಯ ಹೆಸರು ಹೇಳಿ.