ಸಂಜೆ ಪಾಠಕ್ಕೆ ಏಳನೇ ಕ್ಲಾಸಿನ ಪುಸ್ತಕ ಯಾಕೆ?

ಪತ್ರ: ‘ನಾನು ನಿವೃತ್ತ ಶಿಕ್ಷಕ. ಊರಿನ ಪಂಚಾಯ್ತಿ ಗ್ರಂಥಾಲಯದಲ್ಲಿ 6ರಿಂದ 8ನೇ ತರಗತಿಯ ನಲವತ್ತು ಬಡ ಮಕ್ಕಳಿಗೆ ಸಂಜೆ ಪಾಠ ಶುರುಮಾಡುವವನಿದ್ದೇನೆ. ಶಾಲೆಯ ಪಾಠವನ್ನೇ ಇನ್ನೊಮ್ಮೆ ಹೇಳಿ ಹೋಂವರ್ಕ್ ಮಾಡಿಸಿದರೆ ಸಾಕಲ್ಲವೇ?’
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಮಾಸ್ತರರೇ, ಸಾಲದು. ಹೋಂವರ್ಕ್ ಮುಗಿದರೆ ಮಗುವಿಗೆ ಮಾರನೆಯ ದಿನದ ಬೈಗುಳ ತಪ್ಪುತ್ತದೆ, ಒಪ್ಪೋಣ. ಆದರೆ ಕಳೆಯುವ ಲೆಕ್ಕವೇ ಬಾರದ ಏಳನೆಯವನಿಗೆ ಬೀಜಗಣಿತವನ್ನು ಎರಡು ಸಲ ಹೇಳಿದರೆ, ಎರಡು ಸಲ ಅರ್ಥವಾಗುವುದಿಲ್ಲ, ಅಷ್ಟೇ.

ದೆಹಲಿಯ ಮೈಂಡ್‌ಸ್ಪಾರ್ಕ್ ಎಂಬ ಕಂಪ್ಯೂಟರ್ ಪಾಠದ ಕೇಂದ್ರಗಳ ಬಗ್ಗೆ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಅಲ್ಲಿ ಆರನೆಯವರು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು, ಒಂಬತ್ತನೆಯವರು ನಾಲ್ಕೂವರೆ. ಶಾಲೆಯ ಹೊತ್ತಿನ ಆಚೆ ವಾರಕ್ಕೆ ಆರು ದಿನ, ದಿನಕ್ಕೆ 90 ನಿಮಿಷ: ಅರ್ಧ ಕಂಪ್ಯೂಟರ್ ಮುಂದೆ, ಅರ್ಧ 12–15 ಮಕ್ಕಳ ಗುಂಪಿನಲ್ಲಿ. ಕಂಪ್ಯೂಟರ್ ಪ್ರತಿ ಮಗುವಿಗೂ ಅದು ನಿಂತಲ್ಲಿಂದಲೇ ಕಲಿಸಿತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡೂ ಸುಧಾರಿಸಿದವು. ಶಾಲಾ ಪರೀಕ್ಷೆಯ ಗಣಿತದ ಅಂಕ ಮಾತ್ರ ಅಷ್ಟಾಗಿ ಏರಲಿಲ್ಲ. ಇದನ್ನು ತಾಯ್ತಂದೆಯರಿಗೆ ಮೊದಲೇ ಹೇಳಿಬಿಡಿ.

ನಿಮ್ಮಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ನಡೆಯುತ್ತದೆ. ಮೊದಲ ಕೆಲವು ಸಂಜೆ ಪಾಠ ಬೇಡ. ಒಬ್ಬೊಬ್ಬರನ್ನೇ ಕರೆದು ಎರಡನೇ ತರಗತಿ ಮಟ್ಟದ ಕಥೆಯೊಂದನ್ನು ಓದಿಸಿ. 52ರಲ್ಲಿ 17 ಕಳೆಯಲು ಹೇಳಿ. 45 ಎಂದು ಬಂದರೆ ತಪ್ಪು ಒಂದೇ, ದಾರಿ ಎರಡು: ಒಬ್ಬ 7ರಲ್ಲಿ 2 ಕಳೆದಿರುತ್ತಾನೆ, ಇನ್ನೊಬ್ಬಳು ದಶಕ ಸಾಲ ತಂದು 5ನ್ನು 4 ಮಾಡಲು ಮರೆತಿರುತ್ತಾಳೆ. ಬಾಯಿಬಿಟ್ಟು ಹೇಳಿಸದೆ ಇದು ತಿಳಿಯದು. ಆಮೇಲೆ 612ನ್ನು 3ರಿಂದ ಭಾಗಿಸಲಿ. 24 ಎಂದು ಬರೆದವರಿಗೆ ಮಗ್ಗಿ ಬರುತ್ತದೆ, ಸ್ಥಾನಬೆಲೆ ಬರುವುದಿಲ್ಲ.

ತರಗತಿ ನೋಡದೆ, ಮಟ್ಟ ನೋಡಿ ಮೂರು ಗುಂಪು ಮಾಡಿ. ಎಂಟನೆಯವರಿಗೆ ಆರನೆಯವರ ಜೊತೆ ಕೂರಲು ನಾಚಿಕೆ. ಗುಂಪಿಗೆ ನಂಬರ್ ಬೇಡ, ಹೊಳೆಯ ಹೆಸರಿಡಿ. ಕಲಿಸಲು ಗುಂಪಿಗೊಬ್ಬರು ಡಿಗ್ರಿ ಓದುವವರು ಸಾಲದು, ಇಬ್ಬರಿರಲಿ: ಸೆಮಿಸ್ಟರ್ ಪರೀಕ್ಷೆ ಬಂತೆಂದರೆ ಒಬ್ಬರು ನಾಪತ್ತೆ. ಶಾಲೆ ಬಿಟ್ಟ ಕೂಡಲೇ ಶುರುಮಾಡಿ, ಕತ್ತಲಾಗುವ ಮೊದಲು ಬಿಡಿ. ಆರು ಗಂಟೆಗೆ ಕರೆದರೆ ಹೆಣ್ಣುಮಕ್ಕಳು ಬರುವುದಿಲ್ಲ. ತಮ್ಮನನ್ನೋ ತಂಗಿಯನ್ನೋ ಕಂಕುಳಲ್ಲಿ ಎತ್ತಿಕೊಂಡು ಬಂದರೆ ಬೇಡವೆನ್ನಬೇಡಿ.

ನಮ್ಮ ತಕರಾರು ನಿಮ್ಮ ಮೇಲಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬ ಚಿಂತೆಯಲ್ಲಿ ವಿಶೇಷ ತರಗತಿ, ರಾತ್ರಿ ಓದು ಎಲ್ಲವೂ ಹತ್ತನೆಯವರಿಗೆ ಮೀಸಲು. ಆರನೆಯಲ್ಲಿ ಹೋದ ಭಾಗಾಕಾರವನ್ನು ಹತ್ತನೆಯ ಜನವರಿಯಲ್ಲಿ ಹುಡುಕುವ ಈ ಕ್ರಮವನ್ನು ಯಾವ ಅಧಿಕಾರಿಯೂ ಪ್ರಶ್ನಿಸುವುದಿಲ್ಲ, ಯಾಕೆಂದರೆ ಆರನೆಯವರ ಅಂಕ ಪೇಪರಿನಲ್ಲಿ ಬರುವುದಿಲ್ಲ.